ಬೋರ್ಡ್ ಕೊಡುವವರು ಫ್ಯಾನನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮೊಮ್ಮಗಳ ನಾಮಕರಣಕ್ಕೆ ಕರೆಯಲು ನಮ್ಮ ಬಡಾವಣೆಯ ಪರಿಚಿತರ ಮನೆಗೆ ಹೋಗಿದ್ದೆ. ಅಡುಗೆಮನೆಯ ಕಟ್ಟೆಯ ಒಂದು ತುದಿಯಲ್ಲಿ ಕುಕ್ಕರ್ ಕೂಗುತ್ತಿತ್ತು. ಇನ್ನೊಂದು ತುದಿಯಲ್ಲಿ ಆ ಮನೆಯ ಸೊಸೆ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಹಿಡಿದು ಎಲ್‌ಇಡಿ ಬಲ್ಬಿನ ಡ್ರೈವರ್ ಬೋರ್ಡುಗಳಿಗೆ (ಬಲ್ಬಿಗೆ ತಕ್ಕ ಕರೆಂಟು ಒದಗಿಸುವ ಪುಟ್ಟ ಸರ್ಕ್ಯೂಟುಗಳಿಗೆ) ವೈರು ಕೂರಿಸುತ್ತಿದ್ದರು. ಒಂದು ಕೈಯಲ್ಲಿ ಬೋರ್ಡು, ಇನ್ನೊಂದರಲ್ಲಿ ಐರನ್ ಇದ್ದುದರಿಂದ ಸೋಲ್ಡರ್ ತಂತಿಯ (ಬೆಸುಗೆಗೆ ಕರಗಿಸುವ ಲೋಹದ ತಂತಿಯ) ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ನನ್ನನ್ನು ಕಂಡೊಡನೆ ಎಲ್ಲವನ್ನೂ ಕೆಳಗಿಟ್ಟು, ಅದೇ ಕೈಯಲ್ಲಿ ಲೋಟ ತೆಗೆದು ಕಾಫಿ ಬೆರೆಸಿ ಕೊಟ್ಟರು. ನಾನು ಕುಡಿದೆ. ಬೇಡವೆನ್ನಲು ಬಾಯಿ ಬರಲಿಲ್ಲ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಇದೇ ಕೆಲಸವನ್ನು ಮಾಡಿ, ಮಾಡಿಸಿ, ಪರೀಕ್ಷಿಸಿ ನಿವೃತ್ತನಾದ ನಾನು ಅಂದು ಅಲ್ಲಿಯೇ ಹೇಳಬೇಕಾಗಿದ್ದ ಮಾತನ್ನು ಈಗ ತಮ್ಮ ಪತ್ರಿಕೆಯ ಮೂಲಕ ಹೇಳುತ್ತಿದ್ದೇನೆ.

ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಬಾರದೆಂಬುದು ನನ್ನ ವಾದವಲ್ಲವೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ನಿವೃತ್ತಿಯ ನಂತರ ನಾನೂ ತುಮಕೂರಿನ ನನ್ನ ಮನೆಯ ಹಿಂಬದಿಯ ಪುಟ್ಟ ಕೋಣೆಯಲ್ಲಿ, ನೀರಿನ ಟ್ಯಾಂಕು ತುಂಬಿದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಕಂಟ್ರೋಲರ್‌ಗಳನ್ನು ಒಂದು ಸಲಕ್ಕೆ ನಲವತ್ತು ಐವತ್ತರಂತೆ ತಯಾರಿಸುತ್ತೇನೆ. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಬೋರ್ಡು ಮಾಡಿಕೊಡುವವರಿದ್ದಾರೆ, ಕೊಳ್ಳುವವರು ನೆರೆಹೊರೆಯಲ್ಲೇ ಇದ್ದಾರೆ. 1948ರಲ್ಲಿ ದೂರವಾಣಿ ಕಾರ್ಖಾನೆ ಐಟಿಐ, 1954ರಲ್ಲಿ ರಕ್ಷಣಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್ ಬೆಂಗಳೂರಿನಲ್ಲಿ ಆರಂಭವಾದಂದಿನಿಂದ ಈ ಸೂಕ್ಷ್ಮ ಬೆಸುಗೆಯ ಕೈಚಳಕ ನಮ್ಮ ನಾಡಿನಲ್ಲಿ, ಅದರಲ್ಲೂ ಜೋಡಣಾ ಸಾಲುಗಳಲ್ಲಿ ಕುಳಿತ ಹೆಣ್ಣುಮಕ್ಕಳ ಕೈಯಲ್ಲಿ, ಬೆಳೆದುಬಂದಿದೆ. ಅದು ಮನೆಯಲ್ಲೂ ನಾಲ್ಕು ಕಾಸು ತರುವುದಾದರೆ ಸಂತೋಷವೇ. ಆದರೆ ನಾನು ದುಡಿದ ಕಾರ್ಖಾನೆಯಲ್ಲಿ ಪ್ರತಿ ಮೇಜಿನ ಮೇಲೂ ಹೊಗೆ ಎಳೆಯುವ ಕೊಳವೆಯಿತ್ತು, ಕ್ಯಾಂಟೀನಿನ ಬಾಗಿಲಲ್ಲಿ ಕೈ ತೊಳೆಯುವ ಸಾಲು ನಲ್ಲಿಗಳಿದ್ದವು, ಮೇಜಿನ ಬಳಿ ನೀರು ಕುಡಿದರೂ ಮೇಲ್ವಿಚಾರಕರು ಗದರುತ್ತಿದ್ದರು. ಅದೇ ಕೆಲಸ ಗುತ್ತಿಗೆಯಾಗಿ ಮನೆಗೆ ಬಂದಾಗ ಬೋರ್ಡು ಬಂತು, ಸೋಲ್ಡರ್ ಬಂತು, ಐರನ್ ಬಂತು; ಕೊಳವೆಯೂ ನಲ್ಲಿಯೂ ಗದರುವವರೂ ಕಾರ್ಖಾನೆಯಲ್ಲೇ ಉಳಿದರು.

ಮೊದಲು ಹೊಗೆಯ ವಿಚಾರ. ಬೆಸುಗೆಯ ಹೊಗೆಯೆಂದರೆ ಸೀಸದ ಹೊಗೆಯೆಂದು ಬಹುಮಂದಿ ತಿಳಿದಿದ್ದಾರೆ. ಹೀಗಾಗಿ ಸೀಸವಿಲ್ಲದ ಸೋಲ್ಡರ್ ತಂದರೆ ಹೊಗೆ ಕುಡಿದರೂ ಚಿಂತೆಯಿಲ್ಲವೆಂದು ನಂಬುತ್ತಾರೆ. ಎರಡೂ ತಪ್ಪು. ಸೀಸ ಕುದಿಯಲು ಸುಮಾರು 1,750 ಡಿಗ್ರಿ ಸೆಲ್ಸಿಯಸ್ ಬೇಕು. ಐರನ್ನಿನ ಬಿಟ್, ಅಂದರೆ ಕಾಯುವ ತುದಿ, ಇರುವುದು 350ರ ಆಸುಪಾಸಿನಲ್ಲಿ. ಆ ಬಿಸಿಗೆ ಸೀಸ ಆವಿಯಾಗುವುದು ಲೆಕ್ಕಕ್ಕೆ ಬಾರದಷ್ಟು. ಕಣ್ಣಿಗೆ ಕಾಣುವ ಬಿಳಿ ಹೊಗೆ ತಂತಿಯ ಒಳಗಿರುವ ಫ್ಲಕ್ಸಿನದು, ಅಂದರೆ ಪೈನ್ ಮರದ ರಾಳದ್ದು. ಹಿಂದೆ ಬೀದಿಯಲ್ಲಿ ತಿದಿ ಒತ್ತುತ್ತ ಕೂತ ಕಲಾಯಿಯವರು ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಎರಚಿದಾಗ ಭುಗಿಲೆಂದು ಬಿಳಿ ಹೊಗೆ ಏಳುತ್ತಿದ್ದುದನ್ನು ಹಿರಿಯ ಓದುಗರು ಕಂಡಿರುತ್ತಾರೆ. ಲೋಹದ ಮೇಲಿನ ಕಿಲುಬು ತೆಗೆದು ತವರ ಅಂಟುವಂತೆ ಮಾಡಲು ಅವರಿಗೆ ನವಸಾಗರ, ನಮಗೆ ರಾಳ. ಆದರೆ ಕಲಾಯಿಯವರು ಬಯಲಿನಲ್ಲಿ ಕೂರುತ್ತಿದ್ದರು, ನಾವು ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೋರ್ಡಿನ ಮೇಲೆ ಮುಖವಿಟ್ಟು ಕೂರುತ್ತೇವೆ.

ಈ ರಾಳದ ಹೊಗೆ ಉಬ್ಬಸಕ್ಕೆ ಕಾರಣವಾಗುತ್ತದೆಂಬುದು ವೈದ್ಯಲೋಕದಲ್ಲಿ ಬಹುಕಾಲದಿಂದ ತಿಳಿದ ಸಂಗತಿ. ನಮ್ಮ ಪಕ್ಕದ ಸಾಲಿನಲ್ಲಿ ಕೆಲಸ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರಿಗೆ ರಾತ್ರಿಯೆಲ್ಲ ಕೆಮ್ಮು ಬರುತ್ತಿತ್ತು, ಭಾನುವಾರ ಕಡಿಮೆಯಾಗುತ್ತಿತ್ತು, ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೋದರೆ ಇಲ್ಲವೇ ಇಲ್ಲವೆನ್ನುವಂತಾಗುತ್ತಿತ್ತು. ಊರಿನ ಹವೆ ಒಗ್ಗುತ್ತದೆಂದು ಅವರು ನಗುತ್ತಿದ್ದರು. ಕೆಲಸಕ್ಕೂ ಕೆಮ್ಮಿಗೂ ಇರುವ ಈ ನಂಟನ್ನು ಗುರುತಿಸುವಷ್ಟರಲ್ಲಿ ವರ್ಷಗಳು ಕಳೆದಿದ್ದವು. ಒಮ್ಮೆ ದೇಹಕ್ಕೆ ಈ ಹೊಗೆ ಒಗ್ಗದೆ ಹೋಯಿತೆಂದರೆ ಆಮೇಲೆ ಅದರ ಸಣ್ಣ ಎಳೆಯೂ ಉಸಿರುಗಟ್ಟಿಸಬಲ್ಲದು. ಕಾರ್ಖಾನೆಯಲ್ಲಿದ್ದ ಅವರಿಗೆ ಬೇರೆ ವಿಭಾಗಕ್ಕೆ ವರ್ಗವಾಯಿತು; ಮನೆಯೇ ಕಾರ್ಖಾನೆಯಾದವರು ಎಲ್ಲಿಗೆ ವರ್ಗವಾಗಬೇಕು?

ಫ್ಯಾನು ಹಾಕಿದರೆ ಆಯಿತಲ್ಲ ಎನ್ನಬಹುದು. ತಲೆಯ ಮೇಲಿನ ಸೀಲಿಂಗ್ ಫ್ಯಾನು ಹಾಕಿದರೆ ಬಿಟ್ಟಿನ ಬಿಸಿ ಇಳಿಯುತ್ತದೆ, ಹೊಗೆ ಮನೆಯೆಲ್ಲ ಹರಡುತ್ತದೆ. ಆರಿಸಿದರೆ ಹೊಗೆ ನೇರವಾಗಿ ಮೂಗಿಗೆ ಏರುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೂ ಅದು ಹೊಗೆಯನ್ನು ನಮ್ಮ ಮುಖದ ಮುಂದಿನಿಂದಲೇ ಎಳೆದೊಯ್ಯುತ್ತದೆ. ಮಾಡಬೇಕಾದುದು ಇಷ್ಟು: ಮೇಜನ್ನು ಕಿಟಕಿಗೆ ಒತ್ತಿ ಇಟ್ಟು, ಆರು ಅಂಗುಲದ ಎಕ್ಸಾಸ್ಟ್ ಫ್ಯಾನನ್ನು ಮೇಜಿನ ಮಟ್ಟದಲ್ಲಿ, ಬೋರ್ಡಿನಿಂದ ಒಂದಡಿಯ ಆಸುಪಾಸಿನಲ್ಲಿ, ಹೊರಮುಖವಾಗಿ ಕೂರಿಸಬೇಕು. ಹೊಗೆ ನಮ್ಮಿಂದ ಆಚೆಗೆ ಅಡ್ಡಡ್ಡ ಸಾಗಬೇಕು, ಮೇಲಕ್ಕೆ ಏರಬಾರದು. ಒಂದು ಊದುಬತ್ತಿ ಹಚ್ಚಿ ಬೋರ್ಡಿನ ಜಾಗದಲ್ಲಿ ಹಿಡಿದರೆ ಫ್ಯಾನು ಸರಿಯಾಗಿ ಕೂತಿದೆಯೇ ಇಲ್ಲವೇ ಎಂಬುದು ಅರೆಕ್ಷಣದಲ್ಲಿ ತಿಳಿಯುತ್ತದೆ. ಇದ್ದಿಲಿನ ಫಿಲ್ಟರ್ ಇರುವ ಪುಟ್ಟ ಮೇಜು ಫ್ಯಾನುಗಳು ಸಿಗುತ್ತವೆ. ಅವು ಹೊಗೆಯ ಒಂದಂಶವನ್ನಷ್ಟೇ ಹಿಡಿದು ಉಳಿದದ್ದನ್ನು ಅದೇ ಕೋಣೆಗೆ ಬಿಡುತ್ತವೆ, ಫಿಲ್ಟರ್ ಬದಲಿಸುವುದನ್ನು ಯಾರೂ ನೆನಪಿಡುವುದಿಲ್ಲ. ಕಿಟಕಿಯೇ ಇಲ್ಲದವರಿಗೆ ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೆ.

ಹಾಗಾದರೆ ಸೀಸ ನಿರಪಾಯವೇ? ಅಲ್ಲ, ಅದರ ದಾರಿ ಬೇರೆ. ಅದು ಮೂಗಿನಿಂದ ಹೋಗುವುದಕ್ಕಿಂತ ಹೆಚ್ಚಾಗಿ ಬೆರಳಿನಿಂದ ಬಾಯಿಗೆ ಹೋಗುತ್ತದೆ. ಮಾಮೂಲಿ ಸೋಲ್ಡರ್ ತಂತಿಯಲ್ಲಿ ಶೇ 60ರಿಂದ 63ರಷ್ಟು ತವರ, ಉಳಿದದ್ದು ಸೀಸ. ತಂತಿ ಹಿಡಿದ ಬೆರಳು ಬೂದುಬಣ್ಣಕ್ಕೆ ತಿರುಗುವುದು ಅದರಿಂದಲೇ. ರಕ್ತದಲ್ಲಿ ಸೀಸ ಇಂತಿಷ್ಟಿದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಳೆಯ ಮಕ್ಕಳ ಮಿದುಳಿಗೂ ಗರ್ಭಿಣಿಯರಿಗೂ ಅದು ಹೆಚ್ಚು ಹಾನಿಕರ. ನೆಲಕ್ಕೆ ಬಿದ್ದ ಸೋಲ್ಡರಿನ ಪುಡಿಯ ಮೇಲೆ ಅಂಬೆಗಾಲಿಡುವ ಮಗು ಕೈಯೂರಿ, ಆ ಕೈಯನ್ನು ಬಾಯಿಗಿಡುವುದನ್ನು ಯಾರು ತಡೆದಾರು? ಆದ್ದರಿಂದ ಕೆಲಸದ ನಡುವೆ ಕಾಫಿ, ಕುರುಕಲು, ಎಲೆಯಡಿಕೆ ಯಾವುದೂ ಸಲ್ಲದು. ಎದ್ದ ಕೂಡಲೇ ಸೋಪು ಹಾಕಿ ಕೈ ತೊಳೆಯಬೇಕು. ಒಣ ಪೊರಕೆಯಿಂದ ಗುಡಿಸಿದರೆ ಪುಡಿ ಎದ್ದು ಹರಡುವುದರಿಂದ ಒದ್ದೆ ಬಟ್ಟೆಯಿಂದ ಒರೆಸಬೇಕು, ಆ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳೊಂದಿಗೆ ಸೇರಿಸಬಾರದು. ತಂತಿಯನ್ನು ಹಲ್ಲಿನಲ್ಲಿ ಕಚ್ಚುವ ಅಭ್ಯಾಸ ಎರಡೇ ಕೈಯುಳ್ಳ ನಮಗೆಲ್ಲ ಬಂದದ್ದೇ. ಬೋರ್ಡನ್ನು ಹಿಡಿದುಕೊಳ್ಳುವ ಸಣ್ಣ ಕ್ಲಾಂಪು ಕೊಂಡರೆ ಆ ಅಭ್ಯಾಸ ತಾನಾಗಿ ಬಿಡುತ್ತದೆ.

ಸೀಸವಿಲ್ಲದ ಸೋಲ್ಡರಿಗೆ ಬದಲಾಗಬೇಕೇ ಎಂದು ಕೇಳುವವರಿಗೆ ನೇರ ಉತ್ತರ ಕೊಡುವುದು ಕಷ್ಟ. ಯುರೋಪಿನಲ್ಲಿ 2006ರ ಜುಲೈನಿಂದ ಬಹುತೇಕ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸಕ್ಕೆ ನಿರ್ಬಂಧವಿದೆ. ನಮ್ಮ ಇ-ತ್ಯಾಜ್ಯ ನಿಯಮಗಳೂ ಪಟ್ಟಿಯಲ್ಲಿರುವ ಉಪಕರಣಗಳಿಗೆ ತೂಕದ ಶೇ 0.1ರ ಮಿತಿ ಹಾಕಿವೆ. ಆದರೆ 63-37ರ ಮಾಮೂಲಿ ಸೋಲ್ಡರ್ 183 ಡಿಗ್ರಿಗೆ ಕರಗಿದರೆ, ಸೀಸವಿಲ್ಲದವು ಕರಗಲು 217ರಿಂದ 227 ಡಿಗ್ರಿ ಬೇಕು. ಬಿಸಿ ಹತೋಟಿಯಿಲ್ಲದ ಅಗ್ಗದ ಐರನ್ನಿನಲ್ಲಿ ಅದು ಸರಿಯಾಗಿ ಹರಿಯುವುದಿಲ್ಲ, ಹೊಸಬರು ಒತ್ತಿ ಹಿಡಿದು ಬೋರ್ಡಿನ ತಾಮ್ರವನ್ನೇ ಎಬ್ಬಿಸುತ್ತಾರೆ, ಹೆಚ್ಚು ಬಿಸಿಗೆ ಫ್ಲಕ್ಸಿನ ಹೊಗೆಯೂ ಹೆಚ್ಚು. ನನ್ನ ಅಭಿಪ್ರಾಯ ಹೀಗಿದೆ: ಮಕ್ಕಳಿರುವ ಮನೆಯಲ್ಲಿ ಖರ್ಚಾದರೂ ಬಿಸಿ ಹತೋಟಿಯುಳ್ಳ ಸೋಲ್ಡರಿಂಗ್ ಸ್ಟೇಷನ್ ಕೊಂಡು ಸೀಸವಿಲ್ಲದ್ದನ್ನೇ ಬಳಸಬೇಕು, ಅದಾಗದಿದ್ದರೆ ಆ ಮನೆಯಲ್ಲಿ ಈ ಕೆಲಸವನ್ನು ಮಗು ಶಾಲೆಗೆ ಹೋಗುವ ವಯಸ್ಸಿನವರೆಗಾದರೂ ಮುಂದೂಡಬೇಕು. ಇದನ್ನು ಬರೆಯುವುದು ಸುಲಭ, ತಿಂಗಳ ಬಾಡಿಗೆ ಕಟ್ಟುವವರಿಗೆ ಒಪ್ಪುವುದು ಸುಲಭವಲ್ಲ ಎಂಬ ಅರಿವು ನನಗಿದೆ.

ಜಾಗದ ಪ್ರಶ್ನೆಗೆ ಇದರಿಂದಲೇ ಉತ್ತರ ಸಿಗುತ್ತದೆ. ಬಾಗಿಲು ಹಾಕಿಕೊಳ್ಳಬಹುದಾದ ಪ್ರತ್ಯೇಕ ಕೋಣೆಯಿದ್ದರೆ ಉತ್ತಮ. ಒಂದೇ ಕೋಣೆಯ ಮನೆಯಾದರೆ ಎತ್ತರದ ಅಂಚುಳ್ಳ ಅಗಲವಾದ ಸ್ಟೀಲ್ ಟ್ರೇ ಒಂದರೊಳಗೇ ಇಡೀ ಕೆಲಸ ನಡೆಯಲಿ; ಮುಗಿದ ಮೇಲೆ ಐರನ್ ಆರುವವರೆಗೆ ಕಾದು, ಟ್ರೇಗೆ ಮುಚ್ಚಳ ಹಾಕಿ ಮಕ್ಕಳ ಕೈಗೆಟುಕದ ಬೀರುವಿನ ಮೇಲೆ ಇಡಲಿ. ಅಡುಗೆಮನೆಯಂತೂ ಬೇಡವೇ ಬೇಡ. ಸೀಸದ ಮಾತು ಹಾಗಿರಲಿ, ಬೋರ್ಡು ತೊಳೆಯಲು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲಿನ ಆವಿಗೆ ನಮ್ಮ ಮಾಮೂಲಿ ಹವೆಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಒಲೆಯ ಪಕ್ಕದಲ್ಲಿ ಆ ಬಾಟಲಿಯನ್ನು ತೆರೆಯುವ ದೃಶ್ಯ ನೆನೆದರೇ ಮೈ ಜುಮ್ಮೆನ್ನುತ್ತದೆ. ಬಿಡಿಭಾಗಗಳನ್ನು ವಿಂಗಡಿಸಿಡಲು ಸ್ಟೀಲಿನ ಒಗ್ಗರಣೆ ಡಬ್ಬಿಗಿಂತ ಒಳ್ಳೆಯ ಪೆಟ್ಟಿಗೆಯನ್ನು ನಾನು ಕಂಡಿಲ್ಲ, ಪ್ಲಾಸ್ಟಿಕ್ಕಿನಂತೆ ಅದು ಸ್ಥಿರ ವಿದ್ಯುತ್ತನ್ನೂ ಹುಟ್ಟಿಸುವುದಿಲ್ಲ. ಆದರೆ ಒಮ್ಮೆ ರೆಸಿಸ್ಟರ್ ಕಂಡ ಡಬ್ಬಿ ಮತ್ತೆ ಸಾಸಿವೆಯನ್ನು ಕಾಣಬಾರದು. ನನ್ನ ಡಬ್ಬಿಯ ಮುಚ್ಚಳಕ್ಕೆ ಮನೆಯವರು ಕೆಂಪು ಬಣ್ಣ ಬಳಿದಿಟ್ಟಿದ್ದಾರೆ.

ಅರ್ಥಿಂಗ್ ಬಗ್ಗೆ ಒಂದೆರಡು ಮಾತು. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆಯೆಂದು ತಿಳಿಯಬಾರದು. ಹಳೆಯ ಮನೆಗಳಲ್ಲಿ ಆ ಮೂರನೆಯ ರಂಧ್ರದ ಹಿಂದೆ ತಂತಿಯೇ ಇಲ್ಲದ್ದನ್ನು ಎಷ್ಟೋ ಕಡೆ ಕಂಡಿದ್ದೇನೆ. ಮೀಟರು ಹಿಡಿಯಲು ಬಲ್ಲವರಿಂದ ಅಳೆಸಿದರೆ ಫೇಸಿಗೂ ಅರ್ಥಿಗೂ ನಡುವೆ 230 ವೋಲ್ಟಿನ ಆಸುಪಾಸು, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಕೆಲವೇ ವೋಲ್ಟ್ ತೋರಿಸಬೇಕು. ಕರೆಂಟು ಸೋರಿದರೆ ತಾನಾಗಿ ಕಡಿದುಹಾಕುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು ಇಡೀ ಮನೆಗೇ ಒಳ್ಳೆಯದು. ಮೈಯ ಸ್ಥಿರ ವಿದ್ಯುತ್ತನ್ನು ಅರ್ಥಿಗೆ ಇಳಿಸಲು ಮಣಿಕಟ್ಟಿಗೆ ಕಟ್ಟುವ ಪಟ್ಟಿಯಲ್ಲಿ ಒಂದು ಮೆಗಾ ಓಮ್ ರೆಸಿಸ್ಟರ್ ಇರುವುದು ಹಾಕಿಕೊಂಡವರ ಜೀವರಕ್ಷಣೆಗೆ. ಅದರ ಬದಲು ಬರೀ ತಂತಿ ಸುತ್ತಿಕೊಂಡು ಅರ್ಥಿಗೆ ಸೇರಿಸುವ ಜಾಣತನ ಯಾರೂ ಮಾಡಬಾರದು.

ವೋಲ್ಟೇಜಿನ ಪಾಠವನ್ನು ನಾನು ನಷ್ಟಪಟ್ಟು ಕಲಿತೆ. ನಿವೃತ್ತನಾದ ಹೊಸತರಲ್ಲಿ ಮಾಮೂಲಿ 25 ವಾಟಿನ ಐರನ್ನಿನಲ್ಲೇ ನಲವತ್ತು ಕಂಟ್ರೋಲರ್ ಮಾಡಿ ಮಾರಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಹನ್ನೊಂದು ಹಿಂತಿರುಗಿದವು. ತೆರೆದು ನೋಡಿದರೆ ಎಲ್ಲದರಲ್ಲೂ ಮೋಟಾರನ್ನು ಹಾಕಿ ಆರಿಸುವ ಸ್ವಿಚ್ಚಾದ ರಿಲೇಯ ದಪ್ಪ ಲೋಹದ ಕಾಲುಗಳಲ್ಲಿ ಡ್ರೈ ಸೋಲ್ಡರ್: ಮೇಲೆ ಮಂಕಾಗಿ ಗಂಟುಕಟ್ಟಿದ ಸೋಲ್ಡರ್, ಒಳಗೆ ಲೋಹಕ್ಕೆ ಅಂಟೇ ಇಲ್ಲ. ಮೂರು ದಶಕ ಬೇರೆಯವರ ಡ್ರೈ ಸೋಲ್ಡರ್ ಹಿಡಿದು ಗದರಿದವನ ಕೈಯಲ್ಲಿ ಹೀಗಾದದ್ದು ಹೇಗೆ? ಆ ಬೆಸುಗೆಗಳನ್ನೆಲ್ಲ ನಾನು ಹಾಕಿದ್ದು ಸಂಜೆಯ ಹೊತ್ತು, ವೋಲ್ಟೇಜು 180ಕ್ಕೆ ಇಳಿದಾಗ. ಐರನ್ನಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 180 ವೋಲ್ಟಿನಲ್ಲಿ 25 ವಾಟಿನದು ಸುಮಾರು 15 ವಾಟ್ ಮಾತ್ರ ಕೊಡುತ್ತದೆ. ಸಣ್ಣ ರೆಸಿಸ್ಟರಿಗೆ ಅದು ಸಾಕು, ರಿಲೇಯ ಕಾಲಿಗೆ ಸಾಲದು. ಕಾರ್ಖಾನೆಯಲ್ಲಿ ವೋಲ್ಟೇಜು ಇಳಿಯುವುದನ್ನೇ ನಾನು ನೋಡಿರಲಿಲ್ಲ. ಈಗ ನನ್ನಲ್ಲಿರುವುದು 60 ವಾಟಿನ, ಬಿಸಿ ಹತೋಟಿಯುಳ್ಳ ಸ್ಟೇಷನ್. ವೋಲ್ಟೇಜು ಇಳಿದರೂ ಅದರಲ್ಲಿ ಮೀಸಲು ಶಕ್ತಿಯಿರುತ್ತದೆ. ಹೊಸಬರು ಇನ್ನೊಂದು ತಪ್ಪನ್ನೂ ಮಾಡುತ್ತಾರೆ. ಸೋಲ್ಡರನ್ನು ಬಿಟ್ಟಿನ ಮೇಲೆ ಕರಗಿಸಿಕೊಂಡು ಹೋಗಿ ಕಾಲಿಗೆ ಸವರುತ್ತಾರೆ. ದಾರಿಯಲ್ಲೇ ಫ್ಲಕ್ಸ್ ಉರಿದುಹೋಗಿರುತ್ತದೆ. ಬಿಟ್ಟಿನಿಂದ ಕಾಲನ್ನೂ ತಾಮ್ರವನ್ನೂ ಒಟ್ಟಿಗೆ ಬಿಸಿಮಾಡಿ ತಂತಿಯನ್ನು ಅಲ್ಲಿಗೇ ಉಣಿಸಬೇಕು, ಎಲ್ಲ ಸೇರಿ ಎರಡು ಮೂರು ಸೆಕೆಂಡು. ಇಂದಿನ ಬಿಟ್ಟುಗಳಿಗೆ ಕಬ್ಬಿಣದ ಲೇಪವಿರುವುದರಿಂದ ಹಳೆಯ ತಾಮ್ರದ ಬಿಟ್ಟಿನಂತೆ ಅರ ಹಾಕಿ ಉಜ್ಜಬಾರದೆಂಬುದನ್ನೂ ಸೇರಿಸುತ್ತೇನೆ. ಲೇಪ ಹೋದರೆ ಬಿಟ್ ದಿನಗಳಲ್ಲೇ ತೂತು ಬೀಳುತ್ತದೆ.

ಒಂದೇ ಬೋರ್ಡನ್ನು ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು ಎಲ್ಲ ಬೋರ್ಡಿಗೂ ಮೊದಲು ತಗ್ಗಾದ ಬಿಡಿಭಾಗ, ಆಮೇಲೆ ಎತ್ತರದ್ದು ಎಂದು ಸಾಲಾಗಿ ಮಾಡಿದರೆ ಕೈಗೆ ಲಯ ಸಿಗುತ್ತದೆ, ತಪ್ಪು ಕಡಿಮೆ. ಕಾಲು ಕತ್ತರಿಸುವಾಗ ಚೂರುಗಳು ಕಣ್ಣಿಗೆ ಸಿಡಿಯುವುದರಿಂದ ಕನ್ನಡಕ ಇರಲಿ. ಮುಗಿದ ಬೋರ್ಡಿಗೆ ಮೊದಲ ಸಲ ಕರೆಂಟು ಕೊಡುವಾಗ ಹಳೆಯ ರೇಡಿಯೊ ರಿಪೇರಿಯವರಂತೆ 60 ವಾಟಿನ ತಂತಿಯ ಬಲ್ಬನ್ನು ಸೀರೀಸಿನಲ್ಲಿ ಹಾಕಿದರೆ, ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಹೇಳುತ್ತದೆ, ಬೋರ್ಡು ಉಳಿಯುತ್ತದೆ.

ಈಗ ನನ್ನ ಕೋರಿಕೆಗೆ ಬರುತ್ತೇನೆ. "ಮನೆಯಲ್ಲೇ ಎಲ್‌ಇಡಿ ಬಲ್ಬ್ ತಯಾರಿಸಿ" ಎಂಬ ತರಬೇತಿಗಳು ಊರೂರಿನಲ್ಲಿ ನಡೆಯುತ್ತಿವೆ. ನಾನು ಹೋಗಿ ಕೂತ ಒಂದರಲ್ಲಿ ಲಾಭದ ಲೆಕ್ಕಕ್ಕೆ ಒಂದೂವರೆ ಗಂಟೆ ಮೀಸಲಾಗಿತ್ತು; ಹೊಗೆ, ಸೀಸ, ಕೈ ತೊಳೆಯುವುದು ಇವುಗಳಿಗೆ ಒಂದು ನಿಮಿಷವೂ ಇರಲಿಲ್ಲ. ಎಲ್‌ಇಡಿ ಬಲ್ಬನ್ನು ಮಾರುಕಟ್ಟೆಗೆ ಬಿಡಬೇಕಾದರೆ ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿ ಬೇಕೆಂಬುದನ್ನೂ ಅವರು ಹೇಳಲಿಲ್ಲ. ಸಾಲ ಮಾಡಿ ಯಂತ್ರ ಕೊಂಡ ಮೇಲೆ ಅದು ತಿಳಿದರೆ ತರಬೇತಿಗೆ ಬಂದ ಹೆಣ್ಣುಮಗಳ ಪಾಡೇನು? ಸರ್ಕಾರದ ನೆರವಿನಿಂದ ನಡೆಯುವ ತರಬೇತಿಗಳಲ್ಲಾದರೂ ಅರ್ಧ ದಿನವನ್ನು ಈ ವಿಷಯಗಳಿಗೆ ಕಡ್ಡಾಯ ಮಾಡುವಂತೆ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಸೂಚಿಸಬೇಕು. ಸೋಲ್ಡರ್ ಉರುಳೆಯ ಮೇಲೆ ಎಚ್ಚರಿಕೆ ಇದ್ದರೂ ಅದು ಇಂಗ್ಲಿಷಿನ ಇರುವೆಯಕ್ಷರದಲ್ಲಿರುತ್ತದೆ. ಮಾರುವವರು ಅಂಗೈಯಗಲದ ಕನ್ನಡ ಚೀಟಿಯೊಂದನ್ನು ಜೊತೆಗೆ ಕೊಟ್ಟರೆ ಅವರ ಗಂಟೇನೂ ಹೋಗುವುದಿಲ್ಲ. ಸೋಲ್ಡರಿನ ಕಸ, ಕೆಟ್ಟ ಬೋರ್ಡು, ಕತ್ತರಿಸಿದ ಕಾಲುಗಳು ಇಂದು ಹಸಿ ಕಸದ ಜೊತೆ ಪುರಸಭೆಯ ಗಾಡಿಗೆ ಹೋಗುತ್ತಿವೆ. ಒಂದು ಮನೆಯ ಕಸಕ್ಕಾಗಿ ಮಾನ್ಯತೆ ಪಡೆದ ಇ-ತ್ಯಾಜ್ಯ ಸಂಸ್ಥೆಯ ವಾಹನ ಬರುವುದಿಲ್ಲ. ತಾಲ್ಲೂಕಿಗೊಂದು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಡಬ್ಬಿಯೊಂದನ್ನು ಇಟ್ಟು ಸಂಗ್ರಹಿಸಿದರೆ ಆ ತೊಡಕು ನೀಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಬೋರ್ಡಿಗೆ ಇಷ್ಟು ರೂಪಾಯಿ ಎಂದು ಮನೆಮನೆಗೆ ಕೆಲಸ ಹಂಚುವ ಗುತ್ತಿಗೆದಾರರು ಐರನ್ ಮತ್ತು ಸೋಲ್ಡರನ್ನು ಕೊಡುವಂತೆಯೇ ಎಕ್ಸಾಸ್ಟ್ ಫ್ಯಾನು, ಟ್ರೇ ಮತ್ತು ಕ್ಲಾಂಪನ್ನೂ ಕೊಡಬೇಕು. ಕಾರ್ಖಾನೆಯ ಬಾಡಿಗೆ, ಕೊಳವೆ, ನಲ್ಲಿ ಎಲ್ಲದರ ಖರ್ಚು ಅವರಿಗೆ ಉಳಿದಿರುವುದು ಕೆಲಸ ಮನೆಗೆ ಹೋದುದರಿಂದಲೇ. ಆ ಉಳಿತಾಯದ ಒಂದು ಸಣ್ಣ ಪಾಲು ಕೇಳುವುದು ದುಬಾರಿ ಬೇಡಿಕೆಯಲ್ಲ. ಕಾರ್ಮಿಕ ಇಲಾಖೆ ಇದನ್ನು ಗುತ್ತಿಗೆಯ ಷರತ್ತಾಗಿಸಲು ಮುಂದಾಗಬೇಕೆಂದು ಒತ್ತಾಯಿಸುತ್ತೇನೆ.

ಕಾಫಿ ಕುಡಿದು ಬಂದ ಆ ಮನೆಗೆ ಮರುದಿನವೇ ನನ್ನ ಬಳಿಯಿದ್ದ ಹಳೆಯ ಫ್ಯಾನನ್ನು ಕೊಂಡೊಯ್ದು ಕೊಟ್ಟೆ. ಆ ಹೆಣ್ಣುಮಗಳು ಕೆಲಸವನ್ನು ಮಲಗುವ ಕೋಣೆಯ ಕಿಟಕಿಯ ಬಳಿಗೆ ಬದಲಾಯಿಸಿದ್ದಾರೆ. ಫ್ಯಾನನ್ನು ಇನ್ನೂ ಕೂರಿಸಿಲ್ಲ. ಅದಕ್ಕಾಗಿ ಕಿಟಕಿಯ ಗಾಜು ತೆಗೆಯಬೇಕು, ಮನೆಯ ಮಾಲೀಕರು ಒಪ್ಪಬೇಕಂತೆ.

ತಮ್ಮ ವಿಶ್ವಾಸಿ,
ನಿವೃತ್ತ ತಂತ್ರಜ್ಞ,
ತುಮಕೂರು